ಅಪ್ಪ ಮತ್ತೆ ಮಗ್ಗಕ್ಕೆ ಕೂತರು

ಈ ಸೋಮವಾರ ಅಪ್ಪ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರು. ಲಾಳಿ ಓಡಿದ ಸದ್ದು ಕೇಳಿ ಓಣಿಯವರೆಲ್ಲ ಬಾಗಿಲಿಗೆ ಬಂದರು. ಅಪ್ಪನ ಆಪರೇಷನ್, ಆಸ್ಪತ್ರೆಯ ವಿಷಯ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯಲ್ಲ. ಆದರೆ ನಿಮ್ಮನ್ನೆಲ್ಲ ನೆನೆಯದೆ ಸುಮ್ನೆ ಇರಲು ಮನಸ್ಸು ಒಪ್ಪುತ್ತಿಲ್ಲ.

ರಕ್ತ ಕೊಟ್ಟ ಗೆಳೆಯರು, ಬಾಗಲಕೋಟೆಗೆ ಬುತ್ತಿ ಮುಟ್ಟಿಸಿದ ಅತ್ತಿಗೆಯರು, ರಾತ್ರಿ ಪಾಳಿಯ ನರ್ಸಮ್ಮಂದಿರು, ಕೊಟ್ಟ ನೂಲಿಗೆ ಸೀರೆ ಯಾವಾಗ ಅಂತ ಒಮ್ಮೆಯೂ ಕೇಳದ ಸಾವಕಾರರು, ಎಲ್ಲರಿಗೂ ಶರಣು. ನಿಮ್ಮ ಋಣ ದೊಡ್ಡದು.

ಎದುರು ಮನೆ ಕಾಕಿಯ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು.

ಆಪರೇಷನ್ ಆದ ರಾತ್ರಿ ಅಣ್ಣ ಆಸ್ಪತ್ರೆಯಲ್ಲಿದ್ದ. ಮನೆಯಲ್ಲಿ ನಾನು, ಅವ್ವ. ಕಾಕಿ ಬಂದವರು ಸಮಾಧಾನದ ಒಂದು ಮಾತೂ ಆಡಲಿಲ್ಲ. ಅಪ್ಪ ಅರ್ಧಕ್ಕೆ ಬಿಟ್ಟಿದ್ದ ಕೊಂಡಿ ನೋಡಿ, "ಬಾ, ಆ ಕಡೆ ಕೂಡು" ಅಂದರು.

ನಮ್ಮ ಇಳಕಲ್ ಸೀರೆಯ ಜೀವ ಇರುವುದೇ ಕೊಂಡಿಯಲ್ಲಿ. ಮೈಗೊಂದು ಹಾಸು (ಉದ್ದಕ್ಕೆ ಹಾಕುವ ಎಳೆಗಳು), ಸೆರಗಿಗೊಂದು ಹಾಸು. ಆ ಎರಡನ್ನೂ ಜೋಡಿಸುವುದೇ ಕೊಂಡಿ. ನಾವು ಹಾಕಿದ್ದು ಕಪ್ಪು ಹತ್ತಿಯ ಮೈ, ಕೆಂಪು ರೇಷ್ಮೆಯ ಸೆರಗು. ಕೆಂಪು ಎಳೆಯ ಕುಣಿಕೆಯೊಳಗೆ ಕಪ್ಪು ಎಳೆ ತೂರಿಸಿ, ಒಂದಕ್ಕೊಂದು ಸಿಕ್ಕಿಸುತ್ತಾ ಹೋಗಬೇಕು. ಎಲ್ಲಾ ಕೈಯಿಂದಲೇ. ಮುಂದಿನ ಸೀರೆಗೆ ಮತ್ತೆ ಹೊಸ ಕೊಂಡಿ. ಕಪ್ಪು ನೂಲು ರಾತ್ರಿ ಬಲ್ಬಿನ ಬೆಳಕಿಗೆ ಸರಿಯಾಗಿ ಕಾಣುವುದೇ ಇಲ್ಲ. ಕಾಕಿ ಕನ್ನಡಕ ತೆಗೆದಿಟ್ಟು, ಬೆರಳಿನಿಂದಲೇ ಎಳೆ ಬಿಡಿಸುತ್ತಿದ್ದರು.

ನಡುರಾತ್ರಿ ದಾಟಿದ ಮೇಲೆ ಫೋನ್ ಬಂತು. ನನಗೆ ಎತ್ತಲು ಕೈ ಬರಲಿಲ್ಲ. ಕಾಕಿಯೇ ಎತ್ತಿ ಮಾತಾಡಿದರು. "ಇನ್ನೂ ಏನೂ ಹೇಳಾಕ ಬರಂಗಿಲ್ಲಂತ. ನೀ ಎಳಿ ಹಿಡಿ" ಅಂದರು. ಆಗ ಅತ್ತುಬಿಟ್ಟೆ. ಅವ್ವ ಎದ್ದಾಳು ಅನ್ನುವ ಪರಿವೆಯೂ ಇರಲಿಲ್ಲ. ಅಪ್ಪ ಇಲ್ಲದೆ ಈ ಮಗ್ಗ ಕಟ್ಟಿಕೊಂಡು ನಾವೇನು ಮಾಡೋಣ ಅಂತ ಕೇಳಿದೆ. ಕಾಕಿ ತಡೆಯಲಿಲ್ಲ. ನನ್ನ ಕಡೆಯ ಎಳೆಗಳನ್ನೂ ತಾವೇ ಹಿಡಿದು ಕಾದರು. ಕಾಕಾ ಹೋದ ಮೇಲೆ ಅವರು ತಮ್ಮ ಮನೆಯ ಮಗ್ಗವನ್ನೇ ಮುಟ್ಟಿರಲಿಲ್ಲ. ಅದು ನನಗೆ ನೆನಪಾದದ್ದು ಎಷ್ಟೋ ದಿನದ ಮೇಲೆ.

ಅಪ್ಪ ಕಣ್ಣು ಬಿಟ್ಟ ಸುದ್ದಿ ಮರುದಿನ ಮಧ್ಯಾಹ್ನ ಬಂತು. ಅಷ್ಟು ಹೊತ್ತೂ ಕಾಕಿ ತಮ್ಮ ಮನೆಗೆ ಹೋಗಲೇ ಇಲ್ಲ.

ಈಗ ಅಪ್ಪ ನೇಯುತ್ತಿರುವುದು ಅದೇ ಸೀರೆ. ದಿನಕ್ಕೆ ಡಾಕ್ಟರು ಹೇಳಿದಷ್ಟೇ. ಸೆರಗಿಗೆ ಹಣಿಗೆ, ರಂಪ, ಕೋಟಿ ಕಮ್ಮಲಿ ಅಂತ ನಮೂನೆಗಳಿವೆ. ಅಪ್ಪನಿಗೆ ಮೊದಲಿನಿಂದಲೂ ತೋಪು ತೆನೆಯೇ ಇಷ್ಟ, ಇದಕ್ಕೂ ಅದೇ. ನೂಲಿನ ದುಡ್ಡು ಸಾವಕಾರರಿಗೆ ಕೊಟ್ಟು ಸೀರೆ ನಾವೇ ಇಟ್ಟುಕೊಳ್ಳುತ್ತೇವೆ. ಅದು ಕಾಕಿಗೆ. "ಈಗ ನನಗ್ಯಾಕವ್ವಾ ಕೆಂಪು ಸೆರಗು" ಅಂತ ಅವರು ಹಟ ಹಿಡಿದಿದ್ದಾರೆ. ಅವರು ಉಡಲೇಬೇಕು ಅಂತ ಅಪ್ಪನ ಹಟ. ನನ್ನದೂ ಅದೇ.

ಅಪ್ಪನನ್ನು ನೋಡಲು ಬರುವವರು ಸಂಜೆ ಬನ್ನಿ. ಹಾಗೇ ಎದುರು ಮನೆಗೂ ಹೋಗಿ, ಕಾಕಿಯನ್ನು ಒಪ್ಪಿಸಿ.