ಗೇಟಿನ ಆ್ಯಪ್‌ನಲ್ಲಿ ಕೆಲಸದವರ ಮಾತಿಗೂ ಜಾಗ ಬೇಕು

ಸಂಪಾದಕರಿಗೆ ನಮಸ್ಕಾರ,

ನಾನು ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಇರುವವಳು. ನಮ್ಮ ಮನೆಗೆಲಸದವರು ಗೇಟಿನಲ್ಲಿ ನಂಬರ್ ಹೇಳಿದ ತಕ್ಷಣ, ಗೇಟಿನಲ್ಲಿ ಬಂದು ಹೋಗುವವರ ಲೆಕ್ಕ ಇಡುವ ಆ್ಯಪ್‌ನಿಂದ ನನ್ನ ಫೋನಿಗೆ ಮೆಸೇಜ್ ಬರುತ್ತದೆ. ಎಷ್ಟು ಗಂಟೆಗೆ ಬಂದರು, ಎಷ್ಟಕ್ಕೆ ಹೋದರು, ತಿಂಗಳಲ್ಲಿ ಎಷ್ಟು ರಜೆ, ಬೇರೆ ಯಾವ ಮನೆಗೆ ಹೋಗುತ್ತಾರೆ, ಎಲ್ಲ ಕಾಣುತ್ತದೆ. ಸ್ಟಾರ್ ಬೇರೆ ಕೊಡಬಹುದು. ಹೋದ ತಿಂಗಳು ಯಾರೋ ಅವರಿಗೆ ಎರಡೇ ಸ್ಟಾರ್ ಹಾಕಿದ್ದರು. ಹೊಸದಾಗಿ ಕೆಲಸಕ್ಕೆ ಕರೆದಿದ್ದ ಮನೆಯವರು ಅದನ್ನು ನೋಡಿ ಬೇಡ ಅಂದುಬಿಟ್ಟರು. ಕೊನೆಗೆ ನಾನೇ ನಮ್ಮ ಕೆಲಸದವರಿಗೆ ಫೋನ್ ತೋರಿಸಿದೆ. "ಯಾರಕ್ಕಾ ಹಾಕಿದ್ದು? ನಾನೇನ್ ಮಾಡ್ದೆ?" ಅಂತ ಕೇಳಿದರು. ಅವರು ಉತ್ತರ ಹೇಳೋಕೆ ಆ ಆ್ಯಪ್‌ನಲ್ಲಿ ಜಾಗವೇ ಇಲ್ಲ.

ಆಗ ನೆನಪಾದವರು ಬಟ್ಯಾ ಫ್ರೀಡ್‌ಮನ್. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿ ಕೆಲಸ ಮಾಡಿದವರು. 'ವ್ಯಾಲ್ಯೂ ಸೆನ್ಸಿಟಿವ್ ಡಿಸೈನ್' ಅನ್ನುವ ಪದ್ಧತಿಯನ್ನು 1990ರ ದಶಕದಿಂದ ಕಟ್ಟುತ್ತಾ ಬಂದವರು. ಒಂದು ಸಾಫ್ಟ್‌ವೇರ್ ಇನ್ನೂ ಕಾಗದದ ಮೇಲೆ ಇರುವಾಗಲೇ ನ್ಯಾಯ, ಖಾಸಗಿತನ, ಮನುಷ್ಯನ ಮರ್ಯಾದೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಿ ಅನ್ನುತ್ತಾರೆ. 1996ರಲ್ಲಿ ಹೆಲೆನ್ ನಿಸೆನ್‌ಬಾಮ್ ಜೊತೆ ಬರೆದ ಲೇಖನದಲ್ಲಿ ವಿಮಾನ ಟಿಕೆಟ್ ಬುಕಿಂಗ್ ವ್ಯವಸ್ಥೆಯ ಉದಾಹರಣೆ ಕೊಟ್ಟಿದ್ದಾರೆ. ಟ್ರಾವೆಲ್ ಏಜೆಂಟರು ಪರದೆಯಲ್ಲಿ ಮೊದಲು ಕಂಡ ವಿಮಾನಗಳನ್ನೇ ಜಾಸ್ತಿ ಬುಕ್ ಮಾಡುತ್ತಿದ್ದರು, ಆ ಸಾಲನ್ನು ಜೋಡಿಸುವ ಕ್ರಮದಲ್ಲೇ ವ್ಯವಸ್ಥೆಯ ಒಡೆಯರಾದ ವಿಮಾನ ಕಂಪನಿಗಳಿಗೆ ಲಾಭ ಸೇರಿಕೊಂಡಿತ್ತು.

ನನಗೆ ಅವರ ಕೆಲಸದಲ್ಲಿ ತುಂಬಾ ಹಿಡಿಸಿದ್ದು ಒಂದು ಮಾತು. ಫೋನ್ ಹಿಡಿದು ಬಳಸುವವರು ಒಂದು ಕಡೆಯಾದರೆ, ತಾವು ಮುಟ್ಟದೇ ಇದ್ದರೂ ಅದರ ಪರಿಣಾಮ ಅನುಭವಿಸುವವರು ಇನ್ನೊಂದು ಕಡೆ, ಡಿಸೈನ್ ಮಾಡುವಾಗ ಇಬ್ಬರನ್ನೂ ಕೇಳಬೇಕು ಅನ್ನುತ್ತಾರೆ. ಡೇವಿಡ್ ಹೆಂಡ್ರಿ ಜೊತೆ 2019ರಲ್ಲಿ ತಂದ ಪುಸ್ತಕದಲ್ಲೂ ಇದೇ ವಿಚಾರ ಮುಂದುವರಿದಿದೆ. ನಮ್ಮ ಗೇಟಿನಲ್ಲಿ ಈ ಎರಡನೇ ಸಾಲಿನವರು ಯಾರು ಅಂತ ಹೇಳಬೇಕಾಗಿಲ್ಲ ಅಲ್ವಾ? ಕೆಲಸದವರು, ಡ್ರೈವರ್, ಡೆಲಿವರಿ ಹುಡುಗರು. ಇವರಲ್ಲಿ ಒಬ್ಬರನ್ನಾದರೂ ಯಾರಾದರೂ ಕೂರಿಸಿ ಕೇಳಿದ್ದಾರಾ?

ಇಷ್ಟೊಂದು ಆ್ಯಪ್ ತಯಾರಾಗುವ ಊರು ನಮ್ಮದು. ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಫ್ರೀಡ್‌ಮನ್ ಅವರ ವಿಧಾನವನ್ನು ಸುಮ್ನೆ ಒಂದು ಭಾಷಣಕ್ಕೆ ಮುಗಿಸದೆ, ಮಕ್ಕಳ ಪ್ರಾಜೆಕ್ಟಿನೊಳಗೇ ಸೇರಿಸಲಿ, ಅದಕ್ಕೆ ಮಾರ್ಕ್ಸ್ ಕೊಡಲಿ. ಮುಂದಿನ ಭಾನುವಾರ ನಮ್ಮ ಅಸೋಸಿಯೇಷನ್ ಮೀಟಿಂಗ್ ಇದೆ. ಸ್ಟಾರ್ ಕೊಡುವುದನ್ನು ನಿಲ್ಲಿಸಿ ಅಂತ ಕೇಳುತ್ತೇನೆ, ಕೆಲಸದವರ ಪರವಾಗಿ ಇಬ್ಬರನ್ನು ಮೀಟಿಂಗಿಗೆ ಕರೆಯಿರಿ ಅಂತಲೂ ಕೇಳುತ್ತೇನೆ. ಬೇರೆ ಅಪಾರ್ಟ್‌ಮೆಂಟಿನವರೂ ದಯವಿಟ್ಟು ಕೇಳಿ.

ಓದುಗರೊಬ್ಬರು, ಜೆ.ಪಿ. ನಗರ, ಬೆಂಗಳೂರು