ನೆರೆಯವನಾದವನು ಯಾರು?

ಮಾನ್ಯರೇ,

ಹೋದ ವಾರ ನಮ್ಮ ರಸ್ತೆಯ ತಿರುವಿನಲ್ಲಿ ಹುಡುಗನೊಬ್ಬ ಸ್ಕೂಟರ್ ಜಾರಿ ಬಿದ್ದ. ಸುತ್ತ ನಿಂತವರಲ್ಲಿ ಜಾಸ್ತಿ ಜನರ ಕೈಯಲ್ಲಿ ಮೊಬೈಲ್. ಸೊಪ್ಪು ಮಾರುವ ಅಜ್ಜಿಯೊಬ್ಬರು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ, ರಕ್ತ ಸುರಿಯುತ್ತಿದ್ದ ಮೊಣಕಾಲಿಗೆ ಬಿಗಿಯಾಗಿ ಕಟ್ಟಿದರು.

ಚಿಕ್ಕಂದಿನಿಂದ ಚರ್ಚಿನಲ್ಲಿ ಕೇಳಿದ, ಬೈಬಲ್ಲಿನ ಲೂಕನ ಸುವಾರ್ತೆಯ 10ನೇ ಅಧ್ಯಾಯ ನೆನಪಾಯಿತು. ಅಲ್ಲಿ ಯೇಸು ಹೇಳುವ ಕಥೆ ಇದು: ಯೆರಿಕೋ ಊರಿನ ದಾರಿಯಲ್ಲಿ ಕಳ್ಳರು ಹೊಡೆದು ಕೆಡವಿದ ಮನುಷ್ಯ. ಯಾಜಕ ನೋಡಿಕೊಂಡು ಹೋದ, ದೇವಾಲಯದ ಸೇವೆ ಮಾಡುವ ಲೇವಿಯನೂ ಹೋದ. ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನು ನಿಂತ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಇನ್ನೂ ಖರ್ಚಾದರೆ ವಾಪಸ್ ಬರುವಾಗ ಕೊಡ್ತೀನಿ ಎಂದ. ಆ ಮಾತು ನನಗೆ ತುಂಬಾ ಇಷ್ಟ.

ಒಳ್ಳೆಯದನ್ನು ಅಳೆಯುವುದು ಹೇಗೆ? ಹೆಚ್ಚು ಜನರ ಸುಖದಿಂದ ಎಂದರು ಇಂಗ್ಲೆಂಡಿನ ತತ್ವಜ್ಞಾನಿ ಬೆಂಥಮ್. ಜರ್ಮನಿಯ ತತ್ವಜ್ಞಾನಿ ಕಾಂಟ್ ಕರ್ತವ್ಯದಿಂದ ಎಂದರು. ಕ್ರೈಸ್ತ ನಂಬಿಕೆ ಶುರುವಾಗುವುದು ಬೇರೆ ಕಡೆಯಿಂದ: ಪ್ರತಿಯೊಬ್ಬರೂ ದೇವರ ಸ್ವರೂಪದಲ್ಲಿ ಸೃಷ್ಟಿಯಾದವರು. ಹಾಗಾಗಿ ಬಿದ್ದವನ ಬೆಲೆ ಅವನ ಜಾತಿಯಿಂದಲೋ ಅವನಿಂದ ಆಗುವ ಲಾಭದಿಂದಲೋ ಬರುವುದಿಲ್ಲ. ‘ನನ್ನ ನೆರೆಯವನು ಯಾರು?’ ಎಂದವನಿಗೆ ಯೇಸು ಪ್ರಶ್ನೆಯನ್ನೇ ತಿರುಗಿಸಿ, ಈ ಮೂವರಲ್ಲಿ ನೆರೆಯವನಾದವನು ಯಾರು ಎಂದು ಕೇಳಿದರು.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಗಾಯಾಳುಗಳಿಗೆ ನೆರವಾದವರಿಗೆ ರಕ್ಷಣೆ ಇದೆ. ಅಲ್ಲಿ ಅವರನ್ನು ಕರೆದಿರುವುದು ‘ಗುಡ್ ಸಮಾರಿಟನ್’, ಅಂದರೆ ಒಳ್ಳೆಯ ಸಮಾರ್ಯದವನು ಎಂದೇ. ಪೊಲೀಸ್ ಕೇಸಿಗೆ ಹೆದರಿ ಸುಮ್ನೆ ನಿಲ್ಲುವವರಿಗೆ ಇದು ಗೊತ್ತಾಗಬೇಕು ಅಲ್ವಾ? ಪ್ರತಿ ಆಸ್ಪತ್ರೆಯ ಬಾಗಿಲಲ್ಲಿ ಇದನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸಿ.

– ಓದುಗ, ಮೈಸೂರು