ಮೊಲದ ಗೂಡಿಗೆ ನೀವು ಕಳಿಸಿದ ಮೇಲಂತಸ್ತಿನ ಕಿಟ್ ಬಗ್ಗೆ ದೂರು

ಬದಿಯಡ್ಕ, ಕಾಸರಗೋಡು ಜಿಲ್ಲೆ
ಜೂನ್ 18

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ. ಮೇ ಕೊನೆಯಲ್ಲಿ ನಿಮ್ಮ ಆ್ಯಪ್‌ನಿಂದ 2,850 ರೂಪಾಯಿಗೆ ಮೊಲದ ಗೂಡಿಗೆ ಜೋಡಿಸುವ ಕಿಟ್ ತರಿಸಿದ್ದೆ. ಒಂದು ಮೇಲಂತಸ್ತು, ಹತ್ತಿ ಇಳಿಯಲು ಒಂದು ಇಳಿಜಾರು ಹಲಗೆ, ಹುಲ್ಲು ಹಾಕುವ ಬುಟ್ಟಿ. ನಮ್ಮ ಮೊಲ ಬೆಳ್ಳಿಗೆ ಓಡಾಡಲು ಜಾಗ ಜಾಸ್ತಿ ಸಿಗಲಿ ಅಂತ ಮಗಳ ಆಸೆ.

ಚಿತ್ರದಲ್ಲಿ ಮೇಲಂತಸ್ತಿಗೆ ಮರದ ಹಲಗೆ ಹಾಸಿತ್ತು. ಪೆಟ್ಟಿಗೆಯಲ್ಲಿ ಬಂದದ್ದು ಬರೀ ತಂತಿ ಬಲೆ. ಫೋನ್ ಮಾಡಿದರೆ, ಹಲಗೆ ಬೇರೆಯಾಗಿ ಕೊಳ್ಳಬೇಕು ಎಂದರು. ಬಲೆಯ ಒಂದೊಂದು ಕಣ್ಣೂ ಎರಡಿಂಚು ಅಗಲ. ನಾಯಿ ಬೆಕ್ಕುಗಳ ಪಾದದಡಿ ಮೆತ್ತನೆಯ ದಿಂಡು ಇರುತ್ತದೆ, ಮೊಲಕ್ಕೆ ಅದಿಲ್ಲ. ಇರುವುದು ಕೂದಲು ಮಾತ್ರ. ಮೈಭಾರವೆಲ್ಲ ತಂತಿಯ ಮೇಲೆ ಬಿದ್ದರೆ ಕೂದಲು ಸವೆದು ಹಿಮ್ಮಡಿ ಹುಣ್ಣಾಗುತ್ತದೆ. ಮೊಲದ ಸಾಮಾನು ಮಾರುವವರಿಗೆ ಇದು ಗೊತ್ತಿರಬೇಕಲ್ವಾ?

ನಾಲ್ಕನೇ ದಿನ ಸಂಜೆ ಮಗಳು ಶಾಲೆಯಿಂದ ಬಂದು ಕೂಗಿದಳು. ಬೆಳ್ಳಿಯ ಹಿಂಗಾಲು ಬಲೆಯೊಳಗೆ ಸಿಕ್ಕಿಕೊಂಡಿತ್ತು. ಎಳೆದಷ್ಟೂ ಬಿಗಿಯುತ್ತಿತ್ತು. ಟವೆಲ್‌ನಲ್ಲಿ ಸುತ್ತಿ ಹಿಡಿದೆ, ಎದೆ ಡವಡವ ಬಡಿದುಕೊಳ್ಳುವುದು ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ಕಟಿಂಗ್ ಪ್ಲೇಯರ್‌ನಿಂದ ತಂತಿ ಕತ್ತರಿಸಿದ ಮೇಲೆ ಕಾಲು ಬಿಡಿಸಿದೆವು. ಹಿಮ್ಮಡಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗದ ಕೂದಲು ಹೋಗಿ ಕೆಂಪಾಗಿತ್ತು. ಮೂಳೆ ಮುರಿದಿಲ್ಲ ಎಂದು ಪಶುವೈದ್ಯರು ಹೇಳುವವರೆಗೆ ಮಗಳು ಅನ್ನ ಮುಟ್ಟಲಿಲ್ಲ.

ಇಳಿಜಾರು ಹಲಗೆ ನುಣ್ಣನೆಯ ಪ್ಲಾಸ್ಟಿಕ್, ಕಾಲು ಜಾರುತ್ತದೆ. ಮೇಲಂತಸ್ತಿನ 'ಎತ್ತರ ಹೊಂದಿಸಬಹುದು' ಎಂದು ಬರೆದಿದ್ದೀರಿ, ಆದರೆ ಕೊಕ್ಕೆಗೆ ಇರುವುದು ಒಂದೇ ತೂತು. ಅಲ್ಲಿಗೆ ಸಿಕ್ಕಿಸಿದರೆ ಕೆಳಗೆ 11 ಇಂಚು ಉಳಿಯುತ್ತದೆ. ಮೊಲ ಹಿಂಗಾಲಲ್ಲಿ ನಿಂತು ಕಿವಿ ನಿಮಿರಿಸಲೂ ಆಗುವುದಿಲ್ಲ.

ಹುಲ್ಲಿನ ಬುಟ್ಟಿ ಮಾತ್ರ ಚೆನ್ನಾಗಿದೆ, ಅದನ್ನೂ ಹೇಳಲೇಬೇಕು. ಈ ಮಳೆಗೆ ನೆಲಕ್ಕೆ ಬಿದ್ದ ಹುಲ್ಲು ಬೇಗ ಬೂಷ್ಟು ಹಿಡಿಯುತ್ತದೆ. ಬುಟ್ಟಿಯಲ್ಲಿ ಒಣಗಿಯೇ ಇದೆ.

ಉಳಿದದ್ದನ್ನು ನಾವೇ ಸರಿಮಾಡಿಕೊಂಡೆವು. ತೋಟದಲ್ಲಿ ಬಿದ್ದ ಅಡಿಕೆ ಮರ ಸೀಳಿ, ಸಿಬಿರು ಹೋಗುವ ಹಾಗೆ ಉಜ್ಜಿ, ಆ ಮರದ ಸಲಾಕೆಗಳನ್ನು ಒತ್ತೊತ್ತಾಗಿ ಬಿಗಿದು ಮೇಲೆ ಒಣಹುಲ್ಲು ಹಾಸಿದೆ. ಗೋಣಿ ಹಾಸಲಿಲ್ಲ, ಅದರ ನಾರು ನುಂಗಿದರೆ ಹೊಟ್ಟೆಗೆ ಕಷ್ಟ. ಸಲಾಕೆ ಕಡಿದರೆ ಕಡಿಯಲಿ, ಮೊಲದ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತಲೇ ಇರುತ್ತದೆ, ಕಡಿಯುತ್ತಿದ್ದರೆ ಸವೆಯುತ್ತದೆ. ಇಳಿಜಾರಿಗೂ ಅಡ್ಡಪಟ್ಟಿ ಹೊಡೆದೆ. ಖರ್ಚು ಮೊಳೆಯದ್ದು ಮಾತ್ರ. ಇಷ್ಟು ಸಣ್ಣ ಕೆಲಸ ನಿಮ್ಮಿಂದ ಯಾಕೆ ಆಗಲಿಲ್ಲ?

ವಾಪಸ್ ಕೇಳಿದರೆ, 'ಬಳಸಿದ ಸಾಮಾನು, ಆಗುವುದಿಲ್ಲ' ಎಂದಿರಿ. ಜೋಡಿಸದೆ ದೋಷ ತಿಳಿಯುವುದು ಹೇಗೆ? ಫೋನಿನಲ್ಲಿ ಕೇರಳದ ಪಿನ್‌ಕೋಡ್ ನೋಡಿ ಮಲಯಾಳದಲ್ಲೇ ಮಾತಾಡಿದರು. ನನಗೆ ಅದೂ ಬರುತ್ತದೆ. ಆದರೆ ಈ ನೋವನ್ನು ಪೂರ್ತಿ ಹೇಳಲು ನನಗೆ ಕನ್ನಡವೇ ಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಕಿಟ್‌ನ 2,850 ಮತ್ತು ಚಿಕಿತ್ಸೆಯ 400 ರೂಪಾಯಿ ವಾಪಸ್ ಕೊಡಿ. ಆ ಚಿತ್ರ ತೆಗೆಯಿರಿ. ಈಗಾಗಲೇ ಕೊಂಡವರಿಗೆ ಹಲಗೆಯನ್ನು ಉಚಿತವಾಗಿ ಕಳಿಸಿ, ಅವರ ಮನೆಯ ಮೊಲಕ್ಕೂ ಹೀಗಾಗುವ ಮೊದಲು. 15 ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. 2019ರ ಗ್ರಾಹಕ ರಕ್ಷಣೆ ಕಾಯ್ದೆಯ ಪ್ರಕಾರ ನಾನು ಇರುವ ಕಾಸರಗೋಡಿನಲ್ಲೇ ಕೇಸು ಹಾಕಬಹುದು, ಹಾಕುತ್ತೇನೆ.

ಬಿಲ್ಲು, ಬಲೆಯ ಮತ್ತು ಬೆಳ್ಳಿಯ ಕಾಲಿನ ಫೋಟೋ ಜೊತೆಗಿವೆ.

ಇಂತಿ,
ನಿಮ್ಮ ಗ್ರಾಹಕ